ಮೊಬೈಲ್ ಆ್ಯಪ್: ಮೊದಲು ನಾಲ್ಕು ಸಾಲು ನೆಡೋಣ

ಸಂಘಕ್ಕೊಂದು ಮೊಬೈಲ್ ಆ್ಯಪ್ ಬೇಕೆಂದು ಹಲವು ಸದಸ್ಯರು ಕೇಳಿದ್ದಾರೆ. ಬೇಡಿಕೆ ನ್ಯಾಯವಾದುದೇ. ಆದರೆ ಧಾರಣೆ, ಖಾತೆ ಬಾಕಿ, ಗೊಬ್ಬರದ ಬೇಡಿಕೆ, ಮಳೆಯ ಮುನ್ಸೂಚನೆ, ಕೊಳೆರೋಗದ ಸಲಹೆ ಎಲ್ಲವೂ ಮೊದಲ ದಿನವೇ ಅದರಲ್ಲಿರಬೇಕೆಂಬುದನ್ನು ನಾನು ಒಪ್ಪಲಾರೆ. ಹೊಸ ತಳಿ ಬಂತೆಂದು ಇಡೀ ತೋಟ ಕಿತ್ತು ನೆಡುವವರು ನಮ್ಮಲ್ಲಿಲ್ಲ. ನಾಲ್ಕು ಸಾಲು ನೆಟ್ಟು, ಫಸಲು ಕಂಡ ಮೇಲೆ ಮುಂದಿನ ಮಾತು.

ಆ್ಯಪ್ ತಯಾರಿಸುವವರಲ್ಲಿಯೂ ಇದೇ ಕ್ರಮವಿದೆ. ಉಪಯೋಗಕ್ಕೆ ಬರುವ ಅತಿ ಚಿಕ್ಕ ರೂಪವನ್ನು ಮೊದಲು ಜನರ ಕೈಗೆ ಕೊಟ್ಟು ನೋಡುತ್ತಾರೆ. ಅಮೆರಿಕದ 'ಬರ್ಬನ್' ಎಂಬ ಆ್ಯಪಿನಲ್ಲಿ ಹಲವು ಸೌಲಭ್ಯಗಳಿದ್ದವು. ಜನರಿಗೆ ಹಿಡಿಸಿದ್ದು ಫೋಟೋ ಹಂಚಿಕೊಳ್ಳುವುದು. ಉಳಿದುದನ್ನು ಕತ್ತರಿಸಿ 2010ರ ಅಕ್ಟೋಬರಿನಲ್ಲಿ ಹೊರತಂದ ರೂಪವೇ ಇನ್‌ಸ್ಟಾಗ್ರಾಮ್.

ನನ್ನ ಸಲಹೆಯಿಷ್ಟು. ಈ ಕೊಯ್ಲಿನಲ್ಲಿ ದಿನದ ಧಾರಣೆಯನ್ನು ವಾಟ್ಸ್‌ಆ್ಯಪಿನಲ್ಲೇ ಕಳುಹಿಸೋಣ. ಸದಸ್ಯರು ಮತ್ತೇನು ಕೇಳುತ್ತಾರೆಂಬುದನ್ನು ಗುಮಾಸ್ತರು ಬರೆದಿಡಲಿ. ಅನಂತರ ಧಾರಣೆ ಮತ್ತು ಖಾತೆ ಬಾಕಿ, ಇವೆರಡೇ ಇರುವ ಆ್ಯಪನ್ನು ಆಂಡ್ರಾಯ್ಡ್ ಫೋನಿಗೆ ಮಾತ್ರ ಮಾಡಿಸೋಣ. ಗೂಗಲ್ ಪ್ಲೇ ನೋಂದಣಿಗೆ ಒಮ್ಮೆ 25 ಡಾಲರ್ ಸಾಕು. ಆಪಲ್‌ನವರಿಗೆ ವರ್ಷಂಪ್ರತಿ 99 ಡಾಲರ್ ಕಟ್ಟಬೇಕು. ಸಿಗ್ನಲ್ ಸಿಗದ ತೋಟದಲ್ಲೂ ಕೊನೆಯದಾಗಿ ಬಂದ ಧಾರಣೆ ಕಾಣುವಂತಿರಬೇಕು.

ಮಂಜೂರಾಗುವ ಹಣವನ್ನು ಮೂರು ಪಾಲು ಮಾಡತಕ್ಕದ್ದು: ತಯಾರಿಗೆ ಒಂದು, ಬಳಸಿ ನೋಡಿದ ಮೇಲಿನ ತಿದ್ದುಪಡಿಗೆ ಒಂದು, ನಿರ್ವಹಣೆಗೆ ಒಂದು. ಎಲ್ಲವನ್ನೂ ತಯಾರಿಗೇ ಸುರಿದರೆ, ಬಾವಿ ತೋಡಿ ಪಂಪಿಗೆ ಹಣವಿಲ್ಲದವರ ಪಾಡು ನಮ್ಮದಾದೀತು.

ಇದು ಷೇರುದಾರರ ದುಡ್ಡು. ಇವೆರಡಕ್ಕಿಂತ ಮುಖ್ಯವಾದುದಿದೆ ಎನಿಸಿದವರು ಮಹಾಸಭೆಯಲ್ಲಿ ತಿಳಿಸಬೇಕಾಗಿ ವಿನಂತಿ. ಆದರೆ ಒಂದನ್ನು ಸೇರಿಸಬೇಕೆನ್ನುವವರು ಒಂದನ್ನು ಬಿಡಲೂ ಸಿದ್ಧರಾಗಿ ಬರಬೇಕು.

– ಕಾರ್ಯದರ್ಶಿ