ಹೊಂಗೆ ನೆಡಿ, ಆದರೆ ಬೀಜ ಕೊಳ್ಳುವವರು ಯಾರೆಂದು ಮೊದಲು ಕೇಳಿ



ಶರವಣಂಪಟ್ಟಿಯ ಬಂಕುಗಳಲ್ಲಿ ನಾವು ಹಾಕಿಸುವ ಪೆಟ್ರೋಲಿನಲ್ಲಿ ಈಗ ಶೇ. 20ರವರೆಗೆ ಎಥನಾಲ್ ಇರುತ್ತದೆ. ಕಬ್ಬು, ಮೆಕ್ಕೆಜೋಳ, ಅಕ್ಕಿಯೇ ಅದರ ಮೂಲ. ಡೀಸೆಲ್ ಕಥೆ ಬೇರೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ರೊಳಗೆ ಶೇ. 5ರಷ್ಟು ಜೈವಿಕ ಡೀಸೆಲ್ ಬೆರೆಸುವ ಗುರಿ ಇಟ್ಟಿತು. ನಾವು ಇನ್ನೂ ಅದರಿಂದ ಬಹಳ ದೂರದಲ್ಲಿದ್ದೇವೆ.

ಕಾರಣ ಹಳೆಯದು. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜಟ್ರೋಫಾ ಬೆಳೆಸಲು ಸಲಹೆ ನೀಡಿತು. ನಮ್ಮ ಕಾಡುಹರಳು, ಇಲ್ಲಿಯವರ ಕಾಟ್ಟಾಮಣಕ್ಕು. ತಮಿಳುನಾಡಿನಲ್ಲೂ ನೆಟ್ಟರು. ಬರಡು ನೆಲದಲ್ಲಿ ಗಿಡವೇನೋ ಬದುಕಿತು. ನೀರಿಲ್ಲದೆ ಇಳುವರಿ ಬರಲಿಲ್ಲ. ಬೀಜ ವಿಷಕಾರಿ, ಹಿಂಡಿಯನ್ನು ದನಕ್ಕೂ ಹಾಕುವಂತಿಲ್ಲ.

ಕರ್ನಾಟಕ ಹೊಂಗೆ, ಬೇವು, ಹಿಪ್ಪೆಗಳತ್ತ ತಿರುಗಿತು. ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಬೆಳೆಯಿತು. ಹೊಲ ಬಿಟ್ಟು ಬದುವಿನಲ್ಲಿ ಮರ ಬೆಳೆಸಿ ಎಂಬ ಮಾತು ಹಳ್ಳಿಗಳನ್ನು ಮುಟ್ಟಿತು. ಹೊಂಗೆ ಮಣ್ಣಿಗೆ ಸಾರಜನಕ ಕೊಡುತ್ತದೆ, ಹಿಂಡಿ ಗೊಬ್ಬರವಾಗುತ್ತದೆ. ಆದರೆ ಫಸಲಿಗೆ ಹಲವು ವರ್ಷ ಕಾಯಬೇಕು, ಬೀಜ ಆಯುವ ಕೂಲಿಯೂ ಗಿಟ್ಟಬೇಕು. ಎಥನಾಲಿಗೆ ಸರ್ಕಾರ ನಿಗದಿ ಮಾಡಿದ ಬೆಲೆಯಿದೆ, ಕೊಳ್ಳಲು ತೈಲ ಕಂಪನಿಗಳಿವೆ. ಬದುವಿನ ಹೊಂಗೆ ಬೀಜಕ್ಕೆ ಅಷ್ಟು ಗಟ್ಟಿಯಾದ ಖರೀದಿ ವ್ಯವಸ್ಥೆ ಬೆಳೆದಿಲ್ಲ. ಸೋತದ್ದು ಮರವಲ್ಲ, ಮಾರುಕಟ್ಟೆ.

ಸತ್ತಿ ರಸ್ತೆ ಹಿಡಿದು, ದಿಂಬಂ ಘಾಟಿ ಹತ್ತಿದರೆ ಚಾಮರಾಜನಗರದ ಕಡೆ ಜಮೀನಿರುವ ಸದಸ್ಯರು ನಮ್ಮಲ್ಲೂ ಇರಬಹುದು. ಬದುವಿಗೆ ಹೊಂಗೆ ಹಾಕಿ. ನೆರಳು, ಗೊಬ್ಬರವಂತೂ ಖಾತ್ರಿ. ಯಾರಾದರೂ ಇಂಧನಕ್ಕೆಂದು ಹೊಲವನ್ನೇ ಕೇಳಿದರೆ, ಬೀಜದ ಬೆಲೆ ಮತ್ತು ಖರೀದಿಯ ಅವಧಿಯನ್ನು ಬರಹದಲ್ಲಿ ಪಡೆಯದೆ ಒಪ್ಪಬೇಡಿ.