ಹೆಬ್ಬಾಳದ ಗುಲಾಬಿಗೆ ಬೆಲೆ ಕಟ್ಟುವವರು ಯಾರು?

ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವವರು ಹೆಬ್ಬಾಳವನ್ನು ದಾಟಿಯೇ ಹೋಗುತ್ತಾರೆ. ಅಲ್ಲಿಯ ಕೆರೆಯನ್ನೂ ಮೇಲುಸೇತುವೆಯನ್ನೂ ಬಲ್ಲ ಅನೇಕರಿಗೆ ಹೆಬ್ಬಾಳದಲ್ಲೊಂದು ಅಂತರರಾಷ್ಟ್ರೀಯ ಪುಷ್ಪ ಹರಾಜು ಕೇಂದ್ರವಿರುವುದು ತಿಳಿದಿರಲಾರದು. 1995ರಲ್ಲಿ ಕರ್ನಾಟಕ ಕೃಷಿ ಕೈಗಾರಿಕಾ ನಿಗಮವು ಬೆಂಗಳೂರಿನಲ್ಲಿ ಹೂವಿನ ಹರಾಜನ್ನು ಆರಂಭಿಸಿತು. 2007ರಲ್ಲಿ ಈಗಿನ ಕೇಂದ್ರವು ಕಾರ್ಯಾರಂಭ ಮಾಡಿತು.

ನಮ್ಮ ಮಂಡಿಗಳ ಸವಾಲಿನಲ್ಲಿ ಬೆಲೆ ಕೆಳಗಿನಿಂದ ಮೇಲಕ್ಕೇರುತ್ತದೆ. ಹೆಬ್ಬಾಳದಲ್ಲಿ ಅನುಸರಿಸುವುದು ಹಾಲೆಂಡಿನ ಪದ್ಧತಿ. ಬೆಲೆ ಮೇಲಿನಿಂದ ಕೆಳಕ್ಕಿಳಿಯುತ್ತ ಬರುತ್ತದೆ. ಮೊದಲು ಗುಂಡಿ ಒತ್ತಿದವನಿಗೆ ಹೂವು. ಆ ಕ್ಷಣದಲ್ಲಿ ಬೆಲೆ ಕಟ್ಟಿದವನು ವರ್ತಕನೆಂದು ತೋರುತ್ತದೆ. ಆದರೆ ಆ ಬೆಲೆಯ ಹಿಂದೆ ದೂರದ ಹಲವು ಕೈಗಳಿವೆ. ಪಾಲಿಹೌಸಿಗಾಗಿ ಜಮೀನಿನ ಮೇಲೆ ಸಾಲ ತೆಗೆಯಲು ಯೋಚಿಸುತ್ತಿರುವ ಕುಟುಂಬಗಳು ಇದನ್ನು ಅರಿತಿರುವುದು ಒಳಿತೆಂದು ಭಾವಿಸಿ ನಾವು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

1988ರ ಹೊಸ ಬೀಜ ನೀತಿಯು ಹೂವಿನ ಬೀಜ ಮತ್ತು ಸಸಿಗಳ ಆಮದಿಗೆ ದಾರಿ ತೆರೆಯಿತು. 1991ರ ಆರ್ಥಿಕ ಸುಧಾರಣೆಗಳ ನಂತರ ಬೆಂಗಳೂರಿನ ಸುತ್ತ ಪಾಲಿಹೌಸುಗಳೆದ್ದವು. ತಂತ್ರಜ್ಞಾನವೂ ತಳಿಗಳೂ ಬಹುಮಟ್ಟಿಗೆ ಹಾಲೆಂಡ್ ಮೊದಲಾದ ಹೊರದೇಶಗಳಿಂದ ಬಂದವು. ಇಂಥ ಗುಲಾಬಿ ತಳಿಗಳಿಗೆ ಒಡೆಯರಿದ್ದಾರೆ. ಸಸಿಯೊಂದಕ್ಕೆ ಇಷ್ಟೆಂದು ಅವರಿಗೆ ರಾಯಧನ ಸಲ್ಲಬೇಕು. ಹೂವು ಅರಳುವ ಮುನ್ನವೇ ಖರ್ಚಿನ ಮೊದಲ ಬಾಬ್ತು ಹೊರದೇಶದಲ್ಲಿ ನಿಗದಿಯಾಗಿರುತ್ತದೆ.

ಎರಡನೆಯದು ಸುಂಕ. 1975ರ ಲೋಮೆ ಒಪ್ಪಂದದ ಅನ್ವಯ ಕೀನ್ಯಾದಂಥ ಆಫ್ರಿಕಾದ ರಾಷ್ಟ್ರಗಳ ಹೂವಿಗೆ ಯುರೋಪಿನಲ್ಲಿ ಸುಂಕದ ವಿನಾಯಿತಿ ದೊರೆಯಿತು. 2001ರಲ್ಲಿ ಯುರೋಪು ಒಕ್ಕೂಟವು ಅತಿ ಹಿಂದುಳಿದ ರಾಷ್ಟ್ರಗಳಿಗೆ, ಶಸ್ತ್ರಾಸ್ತ್ರಗಳ ಹೊರತು ಉಳಿದೆಲ್ಲ ಸರಕಿಗೂ ಬಾಗಿಲು ತೆರೆದಾಗ ಇಥಿಯೋಪಿಯವೂ ಆ ಪಟ್ಟಿಯಲ್ಲಿತ್ತು. ಭಾರತ ಈ ಎರಡು ಪಟ್ಟಿಗಳಲ್ಲಿಯೂ ಇರಲಿಲ್ಲ. ಹೀಗಾಗಿ ಆ ವರ್ಷಗಳಲ್ಲಿ ನಮ್ಮ ಗುಲಾಬಿ ಸುಂಕ ತೆತ್ತು ಆ ಮಾರುಕಟ್ಟೆಯನ್ನು ಪ್ರವೇಶಿಸಬೇಕಾಯಿತು. ವಿಮಾನದ ಬಾಡಿಗೆಯ ಹೊರೆ ಬೇರೆ. ಪ್ರಕೃತಿಯೂ ಅವರ ಕಡೆಗಿತ್ತು: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ಕೀನ್ಯಾದ ನೈವಾಷಾ ಸುಮಾರು 1900 ಮೀಟರ್ ಎತ್ತರದಲ್ಲಿದೆ. ತಂಪು ಹೆಚ್ಚಿದಷ್ಟೂ ಮೊಗ್ಗು ದೊಡ್ಡದಾಗುತ್ತದೆ.

ಮೂರನೆಯದು ದೊಡ್ಡ ಖರೀದಿದಾರರ ನಿರ್ಧಾರ. ಯುರೋಪಿನ ಸೂಪರ್ ಮಾರುಕಟ್ಟೆ ಸಂಸ್ಥೆಗಳು ಹರಾಜನ್ನು ಬದಿಗಿರಿಸಿ ಆಫ್ರಿಕಾದ ತೋಟಗಳಿಂದ ನೇರವಾಗಿ ಕೊಳ್ಳತೊಡಗಿದವು. ಕಾಂಡದ ಉದ್ದ, ಮೊಗ್ಗಿನ ಗಾತ್ರ, ಔಷಧದ ಬಳಕೆ, ವರ್ಷವಿಡೀ ಒಂದೇ ಸಮನಾದ ಪೂರೈಕೆ ಇವೆಲ್ಲವನ್ನೂ ಕೊಳ್ಳುವವರೇ ವಿಧಿಸಿದರು. ಎರಡೆಕರೆಯ ರೈತ ಒಬ್ಬಂಟಿಯಾಗಿ ಇದನ್ನು ಪೂರೈಸುವುದು ಕಷ್ಟಸಾಧ್ಯ.

ಇವುಗಳ ಒಟ್ಟು ಪರಿಣಾಮವನ್ನು ತೋರುವ ನಿದರ್ಶನ ಬೆಂಗಳೂರಿನದೇ ಆಗಿದೆ. ಇಲ್ಲಿಯ ಗುಲಾಬಿ ಸಂಸ್ಥೆಯಾದ ಕರುತುರಿ 2007ರಲ್ಲಿ ನೈವಾಷಾದ ದೊಡ್ಡ ತೋಟವೊಂದನ್ನು ಕೊಂಡಿತು. ಬೆಂಗಳೂರಿನ ಬಂಡವಾಳವೇ ಆಫ್ರಿಕಾದಲ್ಲಿ ಬೇಸಾಯಕ್ಕಿಳಿದಂತಾಯಿತು. ಆದರೆ 2014ರಲ್ಲಿ ಆ ತೋಟವು ಸಾಲಗಾರ ಬ್ಯಾಂಕಿನ ಪರವಾಗಿ ನೇಮಕಗೊಂಡ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಸುಂಕದ ವಿನಾಯಿತಿಯೊಂದನ್ನೇ ನಂಬಿ ನಡೆಯಲಾಗದೆಂಬ ಪಾಠವೂ ಇದರಲ್ಲಿದೆ.

ಹಾಗಾದರೆ ನಮ್ಮ ಬೆಳೆಗಾರರು ಉಳಿದುದು ಹೇಗೆ? ಬಹುಮಟ್ಟಿಗೆ ಸ್ವದೇಶದ ಬೇಡಿಕೆಯಿಂದ. ಮದುವೆಯ ಮಂಟಪ, ಸಭೆ ಸಮಾರಂಭಗಳು, ಊರೂರಿನ ಹೂಗುಚ್ಛದ ಅಂಗಡಿಗಳು ಗುಲಾಬಿಯನ್ನು ಕೊಳ್ಳತೊಡಗಿದವು. ಫೆಬ್ರವರಿ 14ರ ಪ್ರೇಮಿಗಳ ದಿನಕ್ಕೆ ಹೊರದೇಶಗಳಿಗೆ ಹೋಗುವ ಹೂವು ಇಂದಿಗೂ ಇದೆ. ಆದರೆ ವರ್ಷದ ಸಂಸಾರವನ್ನು ತೂಗುವುದು ಇಲ್ಲಿಯ ಮಾರುಕಟ್ಟೆಯೇ. ಇದಕ್ಕೂ ಅಪಾಯವಿಲ್ಲದಿಲ್ಲ. 2020ರ ಮಾರ್ಚಿನಲ್ಲಿ ದೇಶಕ್ಕೆ ಬೀಗ ಬಿದ್ದಾಗ ಮದುವೆಗಳು ನಿಂತವು. ರೈತರು ಅರಳಿದ ಹೂವನ್ನು ಕಿತ್ತು ತಿಪ್ಪೆಗೆ ಸುರಿಯಬೇಕಾಯಿತು.

ಆದ್ದರಿಂದ ಪಾಲಿಹೌಸಿನ ಸಾಲಪತ್ರಕ್ಕೆ ಸಹಿ ಹಾಕುವ ಮುನ್ನ ಮನೆಮಂದಿಯೆಲ್ಲ ಕುಳಿತು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂಬುದು ನಮ್ಮ ಸಲಹೆ. ರಫ್ತಿನ ಬೆಲೆಯನ್ನು ಮರೆತು, ಮದುವೆಗಳಿಲ್ಲದ ಆಷಾಢದ ಸ್ಥಳೀಯ ಬೆಲೆಯಲ್ಲಿ ಲೆಕ್ಕ ಹಾಕಿದರೂ ಕಂತು ಕಟ್ಟಲು ಸಾಧ್ಯವೇ? ತಳಿಯ ರಾಯಧನವನ್ನು ಲೆಕ್ಕಕ್ಕೆ ಸೇರಿಸಲಾಗಿದೆಯೇ? ಹೂವನ್ನು ತಂಪಾಗಿರಿಸಿ ಸಾಗಿಸಲು ನೆರೆಹೊರೆಯ ಬೆಳೆಗಾರರೊಡನೆ ಕೂಡಿಕೊಳ್ಳಬಹುದೇ? ಸುಂಕದ ಪಟ್ಟಿಯನ್ನು ತಿದ್ದುವುದು ರೈತನ ಕೈಯಲ್ಲಿಲ್ಲ. ಒಪ್ಪಂದಗಳು ಬದಲಾದಂತೆ ಬಾಗಿಲುಗಳು ತೆರೆಯುತ್ತವೆ, ಮುಚ್ಚುತ್ತವೆ. ತೆರೆದಾಗ ಲಾಭ ಪಡೆಯಲೂ ಮುಚ್ಚಿದಾಗ ಜಮೀನನ್ನು ಉಳಿಸಿಕೊಳ್ಳಲೂ ಶಕ್ತವಾಗುವಷ್ಟೇ ಸಾಲ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ.