ಹಳೆಯ ಮೋಟಾರಿನ ಜೀರ್ಣೋದ್ಧಾರಕ್ಕೆ ಒಂದು ನಿಯಮ

ಹೊರದೇಶದ ಹಳೆಯ ಮೋಟಾರು ಕಾರೊಂದನ್ನು ತರಿಸಿಕೊಂಡು, ಸರಿಪಡಿಸಿ, ನಮ್ಮ ರಸ್ತೆಯ ಮೇಲೆ ಓಡಿಸಬೇಕೆಂಬ ಹಂಬಲ ಎಲ್ಲರಿಗೂ ಬರುವಂಥದಲ್ಲ. ಬಂದವರನ್ನು ಸುಲಭವಾಗಿ ಬಿಡುವಂಥದೂ ಅಲ್ಲ. ಅಂಥವರ ಪಾಲಿಗೆ ಕಳೆದ ಕೆಲವು ವರ್ಷಗಳು ಅನುಕೂಲವಾಗಿಯೇ ಪರಿಣಮಿಸಿವೆ. ಪರವಾನಗಿಯ ಗೊಡವೆಯಿಲ್ಲದೆ ತರಬೇಕಾದರೆ ಕಾರು 1950ಕ್ಕೆ ಮೊದಲು ತಯಾರಾದುದಾಗಿರಬೇಕೆಂಬ ಬಹುಕಾಲದ ನಿರ್ಬಂಧವನ್ನು ಕೇಂದ್ರ ಸರ್ಕಾರ 2025ರಲ್ಲಿ ಸಡಿಲಿಸಿ, 50 ವರ್ಷ ದಾಟಿದ ಗಾಡಿಗಳಿಗೆ ಬಾಗಿಲು ತೆರೆಯಿತು. ಅದಕ್ಕೂ ಮುಂಚೆ, 2021ರ ಜುಲೈಯಲ್ಲಿ, ಕೇಂದ್ರ ಮೋಟಾರು ವಾಹನ ನಿಯಮಗಳನ್ನು ತಿದ್ದಿ ವಿಂಟೇಜ್ ವಾಹನಗಳಿಗೆಂದೇ ಪ್ರತ್ಯೇಕವಾದ ನೋಂದಣಿಯ ಕ್ರಮವನ್ನು ಏರ್ಪಡಿಸಲಾಗಿತ್ತು: 20,000 ರೂಪಾಯಿ ಶುಲ್ಕ, 60 ದಿನಗಳೊಳಗೆ ಪ್ರಮಾಣಪತ್ರ, 10 ವರ್ಷಗಳ ಅವಧಿ, ನೋಂದಣಿ ಸಂಖ್ಯೆಯ ನಡುವೆ ‘ವಿಎ’ ಎಂಬ ಎರಡಕ್ಷರ. ಆಮದಾದ ಕಾರಾದರೆ ವಿಮೆಯ ಕಾಗದದೊಡನೆ ಸುಂಕದ ಇಲಾಖೆಯ ಬಿಲ್ ಆಫ್ ಎಂಟ್ರಿಯನ್ನೂ ಲಗತ್ತಿಸತಕ್ಕದ್ದು. ಕಾರಿನ ಬೆಲೆಯನ್ನೇ ಮೀರಿಸುವ ಸುಂಕವನ್ನು ತೆತ್ತು ಬಂದವನಿಗೆ ಇದೇನೂ ಹೊರೆಯಲ್ಲ.

ತೊಡಕಿರುವುದು ವ್ಯಾಖ್ಯೆಯಲ್ಲಿ. ಮೊದಲ ಮಾರಾಟದ ನಂತರದ ಪ್ರಥಮ ನೋಂದಣಿಯಿಂದ 50 ವರ್ಷ ಕಳೆದಿರುವುದಷ್ಟೇ ಸಾಲದು. ವಾಹನವು ತನ್ನ ಮೂಲ ರೂಪದಲ್ಲಿ ಉಳಿದು ಬಂದಿರಬೇಕು, ಚಾಸಿಯಲ್ಲಾಗಲಿ ಕವಚದಲ್ಲಾಗಲಿ ಎಂಜಿನ್ನಿನಲ್ಲಾಗಲಿ ಮಾರ್ಪಾಟನ್ನು ಒಳಗೊಂಡ ಗಣನೀಯ ದುರಸ್ತಿಗೆ ಒಳಗಾಗಿರಬಾರದು ಎಂಬುದು ನಿಯಮದ ತಾತ್ಪರ್ಯ. ಅರ್ಧ ಶತಮಾನ ಮಳೆಬಿಸಿಲಿಗೆ ಮೈಯೊಡ್ಡಿದ ತಗಡಿನ ವಸ್ತು ಯಾವ ದೊಡ್ಡ ದುರಸ್ತಿಯನ್ನೂ ಕಾಣದೆ ಮೂಲರೂಪದಲ್ಲಿಯೇ ಉಳಿದಿರಬೇಕೆಂದು ಬಯಸುವುದು, ರಾಜಮಹಾರಾಜರ ಗಾಡಿಖಾನೆಗಳಲ್ಲಿ ಹೊದಿಕೆಯಡಿ ನಿಂತಿದ್ದ ಕಾರುಗಳ ವಿಷಯದಲ್ಲಿ ಸಲ್ಲಬಹುದಾದರೂ, ಸಾಧಾರಣ ಮನುಷ್ಯನೊಬ್ಬನು ತನ್ನ ಉಳಿತಾಯದಿಂದ ಕೊಂಡು ತರುವ ಕಾರಿನ ವಿಷಯದಲ್ಲಿ ಸಲ್ಲದು. ಏಕೆಂದರೆ ಅವನ ಕೈಗೆಟುಕುವುದು ತುಕ್ಕು ಹಿಡಿದದ್ದೇ.

ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನೇ ತೆಗೆದುಕೊಳ್ಳೋಣ. ಅದರ ಬ್ಯಾಟರಿ ಇರುವುದು ಹಿಂದಿನ ಆಸನದ ಕೆಳಗೆ, ಬಲಮಗ್ಗುಲಲ್ಲಿ. ವರ್ಷಾನುಗಟ್ಟಲೆ ಅಲ್ಲಿಂದ ತೊಟ್ಟಿಕ್ಕಿದ ಆಮ್ಲವೂ ಬಾಗಿಲ ಸಂದಿಯಿಂದ ಇಳಿದ ನೀರೂ ಕೂಡಿ ನೆಲದ ತಗಡನ್ನು ತಿಂದುಹಾಕುತ್ತವೆ. ಮ್ಯಾಟನ್ನು ಎತ್ತಿ ಸ್ಕ್ರೂಡ್ರೈವರಿನಿಂದ ಒತ್ತಿದರೆ ತುದಿ ಕೆಳಗಿನ ನೆಲಕ್ಕೆ ತಾಗುವಂಥ ಕಾರುಗಳು ಅಪರೂಪವೇನಲ್ಲ. ನೆಲದ ಎರಡು ಪಾರ್ಶ್ವಗಳನ್ನೂ ಕತ್ತರಿಸಿ ತೆಗೆದು, ಅದೇ ಆಕಾರದ ಹೊಸ ತಗಡನ್ನು ನಡುವಿನ ಸುರಂಗದಂಥ ಕೊಳವೆಗೆ ಬೆಸೆಯುವುದೊಂದೇ ಇದಕ್ಕೆ ಉಪಾಯ. ಚಾಸಿಯ ಸಂಖ್ಯೆಯನ್ನು ಕೊರೆದಿರುವುದು ಆ ಕೊಳವೆಯ ಮೇಲೆ, ಹಿಂದಿನ ಆಸನದ ಅಡಿಯಲ್ಲಿಯೇ. ಆದಕಾರಣ ನೆಲ ಹೋದರೂ ಸಂಖ್ಯೆ ಉಳಿಯುತ್ತದೆ. ಇದು ಚಾಸಿಯ ಮಾರ್ಪಾಟೋ, ರಿಪೇರಿಯೋ? ಕುಶಲಿಯಾದ ಡೆಂಟಿಂಗ್ ಕೆಲಸಗಾರನು ಈ ಪ್ರಶ್ನೆಗೆ ನಕ್ಕಾನು. ನಿಯಮದ ಅಕ್ಷರವನ್ನೇ ಹಿಡಿದು ಕುಳಿತ ಅಧಿಕಾರಿಯಾದರೋ ಅರ್ಜಿಯನ್ನು ಹಿಂದಿರುಗಿಸಿಯಾನು, ಮತ್ತು ಹಾಗೆ ಮಾಡಿದುದಕ್ಕೆ ಅವನನ್ನು ದೂಷಿಸುವಂತೆಯೂ ಇಲ್ಲ.

ಅಧಿಕಾರಿಗಳ ಸಂಶಯಕ್ಕೆ ಆಧಾರವಿಲ್ಲವೆಂದು ನಾನು ಹೇಳಲಾರೆ. ತಾತ್ಕಾಲಿಕ ಪ್ರವಾಸದ ಕಾರ್ನೆಟ್ ಪತ್ರದ ಮೇಲೆ ಒಳಬಂದು ಹಿಂದಿರುಗದೆ ಹೋದ ಕಾರುಗಳ ಕಥೆಯನ್ನು ಈ ದೇಶ ಕೇಳಿದೆ. ಒಂದು ಗಾಡಿಯ ಫಲಕವನ್ನು ಇನ್ನೊಂದಕ್ಕೆ ಜಡಿದು ಹೊಸ ಜನ್ಮ ಕೊಡುವ ಕೈಚಳಕವೂ ಇಲ್ಲದಿಲ್ಲ. ಆದರೆ ವಂಚನೆಯನ್ನು ತಡೆಯಬೇಕಾದದ್ದು ದಾಖಲೆಯ ಪರಿಶೀಲನೆಯಿಂದಲೇ ಹೊರತು ಬೆಸುಗೆಯನ್ನು ನಿಷೇಧಿಸುವುದರಿಂದಲ್ಲ. ಬ್ರಿಟನ್ನಿನ ಆಸ್ಟಿನ್, ಮಾರಿಸ್, ಎಂಜಿ ಕಾರುಗಳಿಗೆ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾರ್ಖಾನೆಯ ಕಡತಗಳನ್ನು ನೋಡಿ ಪ್ರಮಾಣಪತ್ರ ಕೊಡುತ್ತದೆ. ಬೀಟಲ್ ಕಾರಿಗೆ ವೂಲ್ಫ್ಸ್‌ಬರ್ಗ್‌ನ ಫೋಕ್ಸ್‌ವ್ಯಾಗನ್ ಮ್ಯೂಸಿಯಂ ಜನ್ಮಪತ್ರವನ್ನೇ ಬರೆದುಕೊಡುತ್ತದೆ. ಇಂಥ ಪತ್ರವೂ ಬಿಲ್ ಆಫ್ ಎಂಟ್ರಿಯೂ ಕಾರಿನ ಮೈಮೇಲಿನ ಸಂಖ್ಯೆಯೂ ಪರಸ್ಪರ ತಾಳೆಯಾದ ಮೇಲೆ, ನೆಲದ ತಗಡು ಹೊಸತೆಂಬುದರಿಂದ ಯಾರಿಗೆ ಏನು ನಷ್ಟ?

ಬ್ರಿಟನ್ನಿನ ನೋಂದಣಿ ಸಂಸ್ಥೆಯಾದ ಡಿವಿಎಲ್ಎ ಈ ವಿಷಯದಲ್ಲಿ ನಮಗಿಂತ ಮುಂದಿದೆ. ಆಮದಾದ ಹಳೆಯ ಕಾರಿನ ವಯಸ್ಸನ್ನು ನಿರ್ಧರಿಸಲು, ಆಯಾ ಕಾರಿನ ಬಗ್ಗೆ ತಿಳಿದ ಹವ್ಯಾಸಿ ಸಂಘಗಳ ಸಾಕ್ಷ್ಯವನ್ನು ಅದು ಒಪ್ಪಿಕೊಂಡು, ವಯಸ್ಸಿಗೆ ತಕ್ಕ ಸಂಖ್ಯೆಯನ್ನು ಕೊಡುತ್ತದೆ. 2025ರ ಆಗಸ್ಟಿನಿಂದ, ಇದ್ದದ್ದನ್ನು ಇದ್ದಂತೆಯೇ ಹೊಸದಾಗಿ ಮಾಡಿದ ಜೀರ್ಣೋದ್ಧಾರದಿಂದ ಕಾರಿನ ಗುರುತು ಕೆಡುವುದಿಲ್ಲವೆಂದು ಸ್ಪಷ್ಟಪಡಿಸಿದೆ. ಅಲ್ಲಿ ಅಂಥ ಕಾರು ದಿನವೂ ರಸ್ತೆಗಿಳಿಯಬಹುದು. ನಮ್ಮಲ್ಲಿಯಾದರೆ ವಿಂಟೇಜ್ ವಾಹನ ಹೊರಬರುವುದು ಪ್ರದರ್ಶನಕ್ಕೆ, ರ‍್ಯಾಲಿಗೆ, ಸಂಶೋಧನೆಗೆ, ಪೆಟ್ರೋಲು ತುಂಬಿಸಲು ಅಥವಾ ಕೆಲಸ ಮಾಡಿಸಲು ಮಾತ್ರ. ಇಷ್ಟು ಕಡಮೆ ಓಡುವ ಗಾಡಿಯ ಮೇಲೆ ಇಷ್ಟು ಹೆಚ್ಚು ಕಟ್ಟುಪಾಡೇಕೆಂಬುದು ನನಗೆ ಅರ್ಥವಾಗದ ಸಂಗತಿ.

ಇದು ಉಳ್ಳವರ ವಿನೋದ, ಸರ್ಕಾರಕ್ಕೆ ಬೇರೆ ಕೆಲಸವಿಲ್ಲವೆ ಎನ್ನುವವರಿದ್ದಾರೆ. ವಿನೋದವೆಂಬುದು ನಿಜ. ಆದರೆ ಆ ವಿನೋದದ ಹಣ ಸಂದಾಯವಾಗುವುದು ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಿಗೆ, ಜೆ.ಸಿ. ರಸ್ತೆಯ ಬಿಡಿಭಾಗದ ವ್ಯಾಪಾರಿಗಳಿಗೆ, ಲೇತಿನ ಮುಂದೆ ನಿಂತು ಸಿಗದ ಬುಷ್ಷನ್ನು ಕಡೆದು ಕೊಡುವವನಿಗೆ, ಮಡಗಾರ್ಡಿನ ಡೊಂಕನ್ನು ಸುತ್ತಿಗೆಯಿಂದಲೇ ತಿದ್ದುವ ಮುದುಕನಿಗೆ. ಬಂಪರು ಒಡೆದರೆ ಬಂಪರನ್ನೇ ಬದಲಿಸುವ ಈಗಿನ ವರ್ಕ್‌ಶಾಪುಗಳಲ್ಲಿ ಈ ವಿದ್ಯೆಗೆ ಎಡೆಯಿಲ್ಲ. ಶ್ರೀರಂಗಪಟ್ಟಣದ ಬಳಿಯ ಪಯಣ ಕಾರು ಸಂಗ್ರಹಾಲಯವನ್ನು ನೋಡಿ ಬೆರಗಾಗುವವರು, ಅಲ್ಲಿನ ಹೊಳಪಿನ ಹಿಂದೆ ಎಷ್ಟು ಕೈಗಳ ದುಡಿಮೆ ಇದೆಯೆಂದು ನೆನೆದರೆ ಈ ಆಕ್ಷೇಪವನ್ನು ಅಷ್ಟು ಹಗುರವಾಗಿ ಎತ್ತಲಾರರು.

ಹಾಗಾದರೆ ಆಗಬೇಕಾದುದೇನು? ಕಾರು ಬಂದಿಳಿದೊಡನೆ, ಅದು ಎಷ್ಟೇ ಜೀರ್ಣವಾಗಿರಲಿ, ಅದರ ಸಂಖ್ಯೆಗಳನ್ನೂ ಛಾಯಾಚಿತ್ರಗಳನ್ನೂ ದಾಖಲಿಸಿಕೊಂಡು ತಾತ್ಕಾಲಿಕ ಮನ್ನಣೆಯ ಪತ್ರವೊಂದನ್ನು ಕೊಡಲಿ. ಜೀರ್ಣೋದ್ಧಾರಕ್ಕೆ ಎರಡು ಮೂರು ವರ್ಷಗಳ ಅವಕಾಶವಿರಲಿ. ಯಾವ ಭಾಗ ಬದಲಾಯಿತು, ಯಾವುದು ಉಳಿಯಿತು ಎಂಬ ಲೆಕ್ಕವನ್ನು ಯಜಮಾನನು ಒಪ್ಪಿಸಿದ ಮೇಲೆ ಕೊನೆಯ ತಪಾಸಣೆ ನಡೆದು, ಮೂಲದ ಅಳತೆಗೆ ಸರಿಯಾದ ದುರಸ್ತಿಯೆಲ್ಲ ಮೂಲರೂಪವೆಂದೇ ಪರಿಗಣಿತವಾಗಲಿ. ವ್ಯಾಖ್ಯೆಯನ್ನು ತಿದ್ದುವುದು ದೆಹಲಿಯ ಅಧಿಕಾರ. ಆದರೆ ಇಂಥ ವಾಹನಗಳನ್ನು ಪರೀಕ್ಷಿಸುವ ಸಮಿತಿಯನ್ನು ರಚಿಸಬೇಕಾದುದು ಆಯಾ ರಾಜ್ಯವೇ ಆದ್ದರಿಂದ, ಕರ್ನಾಟಕದ ಸಾರಿಗೆ ಇಲಾಖೆ ಅದರಲ್ಲಿ ಇನ್ಸ್‌ಪೆಕ್ಟರುಗಳ ಜೊತೆಗೆ, ಹಳೆಯ ಕಾರಿನ ತಗಡನ್ನು ಸ್ವತಃ ಬಡಿದು ಬೆಸೆದು ಬಲ್ಲ ಒಬ್ಬ ಮೇಸ್ತ್ರಿಗೂ ಸ್ಥಾನ ಕೊಡುವುದಾದರೆ, ಅದಕ್ಕಾಗಿ ದೆಹಲಿಯ ಕಡೆ ನೋಡುತ್ತ ಕೂರಬೇಕಾಗಿಲ್ಲ.